ಕಾಲಿಗೆ ಗುರುತಿರುವ ಮನೆ

ಲ್ಯೂಲಿನ್ ಬಡಾವಣೆಯ ಮೊದಲ ಟ್ರಾಮ್ ಇನ್ನೂ ಹೊರಟಿಲ್ಲ. ಸೋಫಿಯಾ ನಗರದ ಈ ಅಂಚಿನಲ್ಲಿ ಭಾನುವಾರ ಯಾರೂ ಬೇಗ ಏಳುವುದಿಲ್ಲ. ಆದರೆ ಆರನೇ ಮಹಡಿಯ ಒಂದು ಮನೆಯೊಳಗೆ, ಐವತ್ತೆಂಟರ ಸೆವ್ದಾ ತೊಮೋವಾ ಎರಡು ರಟ್ಟಿನ ಕೊಳವೆಗಳನ್ನು ಕಣ್ಣಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಕೈಯಲ್ಲಿ ತುಂಬಿದ ನೀರಿನ ಬಟ್ಟಲು. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಮತ್ತೆ ನಡುಮನೆಗೆ. ಕೊಳವೆಯ ತುದಿಯಲ್ಲಿ ಕಾಣುವುದು ಒಂದು ಕಾಸಗಲದ ಜಗತ್ತು.

"ಇನ್ನೊಂದು ಸುತ್ತು ಹಾಕಿದ್ರೆ ನಿನಗೇ ತಲೆ ತಿರುಗುತ್ತೆ ಕಣೇ. ನಿನ್ನನ್ನ ಹೊತ್ತುಕೊಂಡು ಲಿಫ್ಟಿನವರೆಗೂ ಹೋಗೋನಲ್ಲ ನಾನು," ಎನ್ನುತ್ತಾರೆ ಏಣಿಯ ಮೇಲೆ ಕೂತ ಮೆತೋದಿ. ಸಿನಿಮಾದಲ್ಲಿ ದೀಪ ಹಿಡಿಯುತ್ತಿದ್ದವರು. ಈಗ ಸೆವ್ದಾ ಹೋದಲ್ಲೆಲ್ಲ ಅವರ ದೀಪಗಳೂ ಹೋಗುತ್ತವೆ.

"ಬಾಯಿಗೂ ಒಂದು ಸ್ವಿಚ್ಚು ಹಾಕ್ಕೋಬೇಕಿತ್ತು ನೀನು," ಎಂದು ಸೆವ್ದಾ ನಡೆಯುತ್ತಲೇ ಇದ್ದಾರೆ. ಬಟ್ಟಲಿನ ನೀರು ಚೆಲ್ಲಿಲ್ಲ.

ಮನೆ ಅಸೆನ್ ಎಂಬವರದು. ನಲವತ್ತೇಳು ವಯಸ್ಸು, ಒಂಟಿ ಜೀವ. ಮೂರು ವರ್ಷದ ಹಿಂದಿನವರೆಗೂ ಇದೇ ಬಡಾವಣೆಯ ಟ್ರಾಮ್ ಓಡಿಸುತ್ತಿದ್ದರು. ಆಮೇಲೆ ಕಣ್ಣಿನ ಅಂಚುಗಳು ಒಂದೊಂದಾಗಿ ಕತ್ತಲಾಗುತ್ತ ಬಂದವು. ಈಗ ನಟ್ಟನಡುವೆ ಒಂದು ಸಣ್ಣ ಬಿಲ್ಲೆಯಷ್ಟು ಬೆಳಕು ಉಳಿದಿದೆ. ಅದೂ ಕೆಲವು ವರ್ಷಗಳಲ್ಲಿ ಹೋಗುತ್ತದೆಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಪ್ಲೊವ್ದಿವ್‌ನಲ್ಲಿರುವ ಅಕ್ಕ ಯೊರ್ದಾಂಕಾ ತಮ್ಮನನ್ನು ತನ್ನ ಮನೆಗೆ ಕರೆದೊಯ್ಯಲು ಇಂದು ಮಧ್ಯಾಹ್ನ ಬರುತ್ತಿದ್ದಾರೆ. ಅವರು ಇಲ್ಲೇ ಉಳಿಯಬೇಕಾದರೆ ಒಂದು ಷರತ್ತು ಇಟ್ಟಿದ್ದಾರೆ: ತಾನು ನೋಡುತ್ತಿರುವಾಗ ಅಸೆನ್ ಮೆಣಸಿನಕಾಯಿ ಸುಟ್ಟು, ಊಟ ಬಡಿಸಬೇಕು. ಎಲ್ಲಾದರೂ ಎಡವಿದರೆ, ಕೈ ಸುಟ್ಟುಕೊಂಡರೆ, ಅಂದೇ ಗಂಟುಮೂಟೆ ಕಟ್ಟಬೇಕು.

"ಈ ಷರತ್ತು ಬಂದದ್ದೇ ನನ್ನಿಂದ," ಎನ್ನುತ್ತಾರೆ ಸೆವ್ದಾ, ಕೊಳವೆ ಬಿಚ್ಚಿ ಕಣ್ಣುಜ್ಜಿಕೊಳ್ಳುತ್ತ.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಪ್ಪತ್ತರ ವಯಸ್ಸಿನಲ್ಲಿ ಸೆವ್ದಾ ವಿತೋಶಾ ಬೆಟ್ಟದ ಬುಡದ ಒಂದು ಸಿನಿಮಾ ಸ್ಟುಡಿಯೊಗೆ ಗಾರೆ ಕಲಸಲು ಸೇರಿದರು. ಕಲಸಿದವರು ಮೆತ್ತುವುದನ್ನು ಕಲಿತರು, ಮೆತ್ತಿದವರು ಬಣ್ಣ ಬಳಿಯುವುದನ್ನು ಕಲಿತರು. ರಟ್ಟನ್ನು ಅಮೃತಶಿಲೆ ಮಾಡಿದರು. ಹೊಸ ಬಾಗಿಲಿಗೆ ನೂರು ವರ್ಷದ ಕೈಮಸಿ ಹಚ್ಚಿದರು. "ಊರಿಗೆ ಊರನ್ನೇ ಎಬ್ಬಿಸಿದ್ದೀವಿ. ಮುಂದಿನಿಂದ ಅರಮನೆ, ಹಿಂದಿನಿಂದ ಮರದ ಪಟ್ಟಿ. ಮುಖಕ್ಕೆ ಪೌಡರ್ ಹಾಕ್ಕೊಂಡು ಬೆನ್ನು ತೊಳೀದೇ ಇದ್ದ ಹಾಗೆ," ಎಂದು ನಗುತ್ತಾರೆ. ತೊಂಬತ್ತರ ದಶಕದಲ್ಲಿ ಸ್ಟುಡಿಯೊಗೆ ಬೀಗ ಬಿದ್ದಾಗ ಗ್ರೀಸಿಗೆ ಹೋಗಿ ಸ್ಟ್ರಾಬೆರಿ ಕಿತ್ತರು. ಪರದೇಶದ ಸಿನಿಮಾದವರು ಬಂದಾಗ ಮರಳಿದರು. ಅವರೂ ಬೇರೆ ಕಡೆ ಹೋದ ಮೇಲೆ ಮನೆಗಳ ಒಳಾಂಗಣಕ್ಕೆ ಕೈ ಹಾಕಿದರು.

ಮೊದಲ ಗಿರಾಕಿ ಮೆತೋದಿಯೇ. ಬಚ್ಚಲಿಗೆ ಕಲ್ಲಿನಂಥ ಗೋಡೆ ಬೇಕೆಂದರು. ಸೆವ್ದಾ ಕಲ್ಲಿನಂಥದ್ದನ್ನೇ ಕಟ್ಟಿದರು. ಮೆತೋದಿ ಅದಕ್ಕೆ ನೀರು ಕಾಯಿಸುವ ಬಾಯ್ಲರ್ ನೇತುಹಾಕಿದರು. "ಮೂರನೇ ದಿನ ಬಾಯ್ಲರ್ ಗೋಡೆ ಸಮೇತ ಇಳಿದು ಬಂತು. ಪುಣ್ಯಕ್ಕೆ ನಾನು ಸ್ನಾನ ಕಮ್ಮಿ ಮಾಡೋ ಮನುಷ್ಯ," ಎಂದು ಇವತ್ತಿಗೂ ಹೇಳುತ್ತಿರುತ್ತಾರೆ. ಸೆಟ್ಟಿನ ಗೋಡೆ ಶೂಟಿಂಗ್ ಮುಗಿಯುವವರೆಗೆ ನಿಂತರೆ ಸಾಕು. ಮನೆಯ ಗೋಡೆ ಬದುಕು ಮುಗಿಯುವವರೆಗೆ ನಿಲ್ಲಬೇಕು. ಅಂದಿನಿಂದ ಸೆವ್ದಾ ಯಾವ ಗೋಡೆಯನ್ನೇ ಕಟ್ಟಲಿ, ಮೊದಲು ತಾವೇ ಅದಕ್ಕೆ ಜೋತುಬಿದ್ದು ನೋಡುತ್ತಾರೆ.

ಈಗ ವರ್ಷಕ್ಕೆ ಮೂರ್ನಾಲ್ಕು ಮನೆ ಮುಗಿಸುತ್ತಾರೆ. ಎಲ್ಲ ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಬೆಂಕಿಪೊಟ್ಟಣದಂಥ ಮನೆಗಳು. ಮಂಡಿಚಿಪ್ಪು ಸವೆದಿದೆ, ಆದರೂ ನೆಲದ ಕೆಲಸ ಇನ್ನೊಬ್ಬರಿಗೆ ಬಿಡುವುದಿಲ್ಲ. ಮೊದಲ ದಿನ ಹೊಸ್ತಿಲಲ್ಲಿ ಒಂದು ತಟ್ಟೆ ಒಡೆದು, ಎಲ್ಲರಿಗೂ ಒಂದೊಂದು ಚೂರು ಕೊಡುತ್ತಾರೆ. ಸಿನಿಮಾದವರು ಶೂಟಿಂಗ್ ಶುರುಮಾಡುವ ರೀತಿ ಅದು. ಅಸೆನ್ ಮನೆಯಲ್ಲಿ ಮಾತ್ರ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಒಡೆದರು. ಕಾಣದ ಚೂರು ಕಾಲಿಗೇ ಸಿಗುತ್ತದೆ.

ಅಷ್ಟೆಲ್ಲ ಎಚ್ಚರ ಇದ್ದವರು ಎಡವಿದ್ದು ತಮ್ಮ ಕಸುಬಿನಲ್ಲೇ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿ ಇಕ್ಕಟ್ಟು, ಉಸಿರುಗಟ್ಟುವಂಥದ್ದು. ಸೆವ್ದಾ ಸೆಟ್ಟಿನ ಹಳೇ ಉಪಾಯ ಮಾಡಿದರು: ಪಕ್ಕದ ಗೋಡೆಗಳ ಮೇಲೆ ಒಳಕ್ಕೆ ಹೋದಂತೆ ಕಿರಿದಾಗುವ ಬಣ್ಣದ ಪಟ್ಟಿ ಎಳೆದು, ಓಣಿ ತಿರುಗುವ ಕಡೆಯ ತುದಿಗೋಡೆಗೆ ಮಂಜಿನ ಬಣ್ಣ ಬಳಿದರು. ಗಿಡ್ಡ ಓಣಿ ಉದ್ದವಾಯಿತು. ಪಕ್ಕದ ಮನೆಯವರು ಬಂದು ಬಾಯಿಗೆ ಬೆರಳಿಟ್ಟುಕೊಂಡರು. ಮರುದಿನ ಅಸೆನ್ ಬಿಸಿ ಬೀನ್ಸ್ ಕಾಳಿನ ಸಾರಿನ ಬಟ್ಟಲು ಹಿಡಿದು ಬಂದು, ಇನ್ನೂ ದೂರವಿದೆ ಅಂದುಕೊಂಡು ನೇರ ತುದಿಗೋಡೆಗೇ ಬಡಿದರು. ಸಾರೆಲ್ಲ ಕೈಮೇಲೆ, ಎದೆಮೇಲೆ.

"ಈ ಗೋಡೆ ನಿನ್ನೆ ಇಲ್ಲಿರಲಿಲ್ಲ ಸೆವ್ದಕ್ಕ," ಎಂದರಂತೆ ಅಸೆನ್, ಕೈಗೆ ಬಾಯಿಂದ ಗಾಳಿ ಊದುತ್ತ.

ಅಸೆನ್ ನಕ್ಕರು. ಫೋನಿನಲ್ಲಿ ಕೈಗೆ ಕಟ್ಟಿದ ಬ್ಯಾಂಡೇಜ್ ನೋಡಿದ ಅಕ್ಕ ನಗಲಿಲ್ಲ. ಷರತ್ತು ಬಂದದ್ದು ಆಗ.

"ದೂರ ಮಾಡೋದನ್ನ ಜೀವನಪೂರ್ತಿ ಮಾಡಿದ್ದೆ. ಹತ್ತಿರ ತರೋದು ಗೊತ್ತಿರಲಿಲ್ಲ," ಎನ್ನುತ್ತಾರೆ ಸೆವ್ದಾ. ಅಂದು ಸಂಜೆಯೇ ತುದಿಗೋಡೆಗೆ ದಟ್ಟ ಕೆಂಪು ಬಳಿದರು. ಕೆಂಪು ಬಣ್ಣ ಎದುರು ಬಂದು ನಿಲ್ಲುತ್ತದೆ. ಮಾರನೆಯ ಬೆಳಿಗ್ಗೆಯಿಂದ ಕಣ್ಣಿಗೆ ಕೊಳವೆ ಕಟ್ಟಿಕೊಂಡರು. ಒಂದೇ ಸುತ್ತಿನಲ್ಲಿ ಗೊತ್ತಾಯಿತಂತೆ: ಅಸೆನ್ ಅವರದು ಕುರುಡಲ್ಲ, ಕ್ಯಾಮೆರಾ ಕಣ್ಣು. ಚೌಕಟ್ಟಿನೊಳಗಿನದು ಚೊಕ್ಕ, ಹೊರಗಿನದು ಇಲ್ಲವೇ ಇಲ್ಲ. "ಚೌಕಟ್ಟಿನ ಒಳಗೆ ಏನಿಡಬೇಕು, ಹೊರಗೆ ಏನಿಡಬೇಕು ಅನ್ನೋದೇ ಅಲ್ವಾ ನಮ್ಮ ಕೆಲಸ?"

ಹಾಗಾಗಿ ಪ್ರತಿ ತಿರುವಿನಲ್ಲೂ ಅಸೆನ್ ಅವರ ಕಣ್ಣಿನ ಮಟ್ಟಕ್ಕೆ ಒಂದೊಂದು ಗುರುತು: ಅಡುಗೆಮನೆಗೆ ಒಣಮೆಣಸಿನ ಸರ, ಬಚ್ಚಲಿಗೆ ನೀಲಿ ತಟ್ಟೆ. ಬಾಗಿಲಿನ ಅಂಚುಗಳಿಗೆ ಕಪ್ಪು. ನೆಲದ ಮೇಲೆ ಹಳ್ಳದ ಹಾಗೆ ಕಾಣುವ ನೆರಳು ಬೀಳದಂತೆ ಮೆತೋದಿಯ ದೀಪಗಳು. "ನಲವತ್ತು ವರ್ಷ ನೆರಳು ಹಾಕಿ ಅನ್ನ ತಿಂದೆ. ಈಗ ಇವಳು ನೆರಳು ಗುಡಿಸು ಅಂತಾಳೆ," ಎಂದು ಅವರ ಗೊಣಗಾಟ.

ಆದರೆ ಮುಖ್ಯವಾದದ್ದು ಜಮಖಾನದ ಕೆಳಗಿದೆ. ನಟರು ಕೆಳಗೆ ನೋಡದೆ ಸರಿಯಾದ ಜಾಗದಲ್ಲಿ ನಿಲ್ಲಬೇಕು. ನೋಡಿದರೆ ಆ ಶಾಟು ಹಾಳು. ಅದಕ್ಕೆ ಸೆಟ್ಟಿನವರು ಜಮಖಾನದಡಿ ತೆಳ್ಳನೆಯ ಪಟ್ಟಿ ಹೊಡೆಯುತ್ತಾರೆ. ಪಾದಕ್ಕೆ ತಗುಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಬಚ್ಚಲಿನ ಮುಂದೆ ಒಂದು ಪಟ್ಟಿ, ಅಡುಗೆಮನೆಯ ಮುಂದೆ ಎರಡು. ಅಡುಗೆಮನೆ, ಇಲ್ಲಿಯ ಹೆಚ್ಚಿನ ಮನೆಗಳಂತೆ, ಗಾಜು ಹಾಕಿಸಿದ ಬಾಲ್ಕನಿಯಲ್ಲಿದೆ. ಅಲ್ಲೇ ಚೂಶ್ಕೊಪೆಕ್, ಪುಟ್ಟ ಬಾವಿಯಂತೆ ಮೇಲಕ್ಕೆ ಬಾಯ್ದೆರೆದ, ಮೆಣಸಿನಕಾಯಿ ಸುಡುವ ವಿದ್ಯುತ್ ಒಲೆ. ಅದಕ್ಕೊಂದು ಅಲುಗದ ಗೂಡು ಕಟ್ಟಿದ್ದಾರೆ. ಮುಂದೆ ಸೊಂಟದೆತ್ತರಕ್ಕೆ ಮರದ ಕಂಬಿ; ಒಲೆ ಹತ್ತಿರ ಬರುವ ಕಡೆ ಕಂಬಿಗೆ ಹುರಿಹಗ್ಗ ಸುತ್ತಿದೆ. ಕಾದ ದೀಪಗಳ ಸುತ್ತ ಮೆತೋದಿ ಕಟ್ಟುತ್ತಿದ್ದ ಹಗ್ಗವೇ ಅದು. ಕೈಗೆ ಬೆಂಕಿಗಿಂತ ಮೊದಲು ಹಗ್ಗ ಸಿಗಬೇಕು.

ಮಧ್ಯಾಹ್ನ ಯೊರ್ದಾಂಕಾ ಬರುತ್ತಾರೆ. ದಪ್ಪ ಕೈಚೀಲ, ಬಿಗಿದ ಮುಖ. ಸೆವ್ದಾ ಮತ್ತು ಮೆತೋದಿ ಮೂಲೆಯಲ್ಲಿ ಕೂತಿದ್ದಾರೆ. ಬಾಯಿ ಬಿಡುವುದಿಲ್ಲ, ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಸೆವ್ದಾ ಅವರ ಕಣ್ಣು ಆ ಚೀಲದ ಮೇಲೆ. ಯಾವಾಗ ಬಂದರೂ ಅದನ್ನು ಓಣಿಯ ನಡುವೆ ನೆಲಕ್ಕೆ ಕುಕ್ಕುವುದು ಯೊರ್ದಾಂಕಾ ಅವರ ರೂಢಿ. ಹೋದ ಈಸ್ಟರಿನಲ್ಲಿ ಅಸೆನ್ ಅದಕ್ಕೆ ಎಡವಿ ಬಿದ್ದಿದ್ದರು. ಹೇಳಿದರೆ ಮರೆಯುತ್ತಾರೆ. ಅದಕ್ಕೇ ಸೆವ್ದಾ ಬಾಗಿಲ ಬಳಿ, ಶೂ ಬಿಚ್ಚಲು ಬಗ್ಗುವಾಗ ಕೈ ತಾನಾಗಿ ಹೋಗುವ ಎತ್ತರದಲ್ಲಿ, ಒಂದು ಅಗಲ ಹಲಗೆ ಕೂರಿಸಿದ್ದಾರೆ. ನಟರಿಗೆ ಮಾತಿನಲ್ಲಿ ಹೇಳಬಾರದು, ಜಾಗವೇ ಹೇಳಬೇಕು ಎಂಬುದು ಅವರ ಲೆಕ್ಕ.

ಯೊರ್ದಾಂಕಾ ಶೂ ಬಿಚ್ಚಲು ಬಗ್ಗುತ್ತಾರೆ. ಚೀಲ ಹಲಗೆಯ ಮೇಲೆ ಕೂರುತ್ತದೆ. ಚೀಲ ಇಟ್ಟವರಿಗೇ ಅದು ಗೊತ್ತಿಲ್ಲ. ಸೆವ್ದಾ ಮೆಲ್ಲಗೆ ಉಸಿರು ಬಿಡುತ್ತಾರೆ.

"ಏನೋ, ಬಡವಾಗಿದ್ದೀಯ," ಎನ್ನುತ್ತಾರೆ ಅಕ್ಕ.

"ನಿನ್ನ ಅಡುಗೆ ತಿಂದರೆ ಇನ್ನೂ ಬಡವಾಗ್ತೀನಿ. ಕೂತ್ಕೋ," ಎಂದು ಅಸೆನ್ ಒಳಗೆ ನಡೆಯುತ್ತಾರೆ. ಪಾದ ಎರಡು ಪಟ್ಟಿ ದಾಟುತ್ತದೆ, ಕೈ ಕಂಬಿ ಹಿಡಿಯುತ್ತದೆ, ಹಗ್ಗ ಸಿಕ್ಕಲ್ಲಿ ನಿಲ್ಲುತ್ತದೆ. ಕೆಂಪು ದಪ್ಪ ಮೆಣಸಿನಕಾಯಿ ಒಂದೊಂದಾಗಿ ಒಲೆಯ ಬಾವಿಗಿಳಿಯುತ್ತದೆ. ಬೆಂದದ್ದನ್ನು ವಾಸನೆಯೇ ಹೇಳುತ್ತದೆ. ಇಕ್ಕಳದಿಂದ ಎತ್ತಿ, ಸಿಪ್ಪೆ ಸುಲಿದು, ಮೇಲೆ ಬೆಳ್ಳುಳ್ಳಿ, ಬಿಳಿ ಚೀಸು. ತಟ್ಟೆ ಹಿಡಿದು ಓಣಿಗೆ ಬರುವಾಗ ಯೊರ್ದಾಂಕಾ ಅರ್ಧ ಎದ್ದು ನಿಂತಿರುತ್ತಾರೆ. ಅಸೆನ್ ಕೆಂಪು ಗೋಡೆಗೆ ಒಂದು ಹೆಜ್ಜೆ ಮೊದಲೇ ತಿರುಗುತ್ತಾರೆ. ತಟ್ಟೆ ಮೇಜಿನ ಮೇಲೆ ಕೂರುತ್ತದೆ.

ಯೊರ್ದಾಂಕಾ ತಿನ್ನುತ್ತಾರೆ. ಇನ್ನೊಂದು ಹಾಕಿಸಿಕೊಳ್ಳುತ್ತಾರೆ. ಮನೆಯನ್ನೆಲ್ಲ ಸುತ್ತಿ ಬಂದು ಸೆವ್ದಾ ಕಡೆ ತಿರುಗುತ್ತಾರೆ: "ನಾಕು ತಿಂಗಳು ಕೆಲಸ ಮಾಡಿದ್ರಿ ಅಂತ ಇವನು ಹೇಳ್ತಿದ್ದ. ಏನು ಮಾಡಿದ್ರಿ ಅಂತ ನನಗೇನೂ ಕಾಣಿಸಲಿಲ್ಲ. ಮೊದಲಿದ್ದ ಹಾಗೇ ಇದೆಯಲ್ಲ."

"ಹೌದು, ಹಾಗೇ ಇದೆ," ಎನ್ನುತ್ತಾರೆ ಸೆವ್ದಾ.

ಅಸೆನ್ ಅಕ್ಕನ ಮಾತಿಗೆ ಕಾಯುತ್ತಿದ್ದಾರೆ. ಯೊರ್ದಾಂಕಾ ತಲೆಯಾಡಿಸುತ್ತಾರೆ. "ಬಾಯಿಬಿಟ್ಟು ಹೇಳಕ್ಕ. ನೀನು ತಲೆಯಾಡಿಸಿದ್ದು ನನ್ನ ಚೌಕಟ್ಟಿಗೆ ಬರಲ್ಲ."

"ಮುಂದಿನ ವಾರ ಖಾಲಿ ಜಾಡಿ ತರ್ತೀನಿ," ಎನ್ನುತ್ತಾರೆ ಯೊರ್ದಾಂಕಾ, ಕಣ್ಣೊರೆಸಿಕೊಂಡು. "ಚಳಿಗಾಲಕ್ಕೆ ನನಗೂ ಮೆಣಸಿನಕಾಯಿ ತುಂಬಿಡು. ಪ್ಲೊವ್ದಿವ್‌ನಲ್ಲಿ ಯಾರು ಸುಡ್ತಾರೆ."

ಇಳಿಯುವಾಗ ಲಿಫ್ಟಿನಲ್ಲಿ ಮೆತೋದಿಗೆ ಸಿಟ್ಟು. "ಏನೂ ಮಾಡಿಲ್ಲ ಅಂದುಬಿಟ್ಟಳಲ್ಲ. ನೀನೂ ಹೌದು ಅಂದೆ."

"ಸೆಟ್ಟು ಕಾಣಿಸಿದ್ರೆ ಸಿನಿಮಾ ಕೆಟ್ಟಿದೆ ಅಂತಲೇ ಅರ್ಥ," ಎನ್ನುತ್ತಾರೆ ಸೆವ್ದಾ. ಆಮೇಲೆ, ಕೈಗಂಟಿದ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆಯುತ್ತ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ: "ನನಗಿರೋದು ಒಂದೇ ಆಸೆ. ಅವನ ಕಣ್ಣು ಪೂರ್ತಿ ಮುಚ್ಚೋ ಬೆಳಿಗ್ಗೆ ಬಂದೇ ಬರುತ್ತೆ. ಅವತ್ತು ಅವನು ಎದ್ದು, ಓ ಕರೆಂಟ್ ಹೋಗಿದೆ ಅಂದ್ಕೊಂಡು, ಹೋಗಿ ಕಾಫಿಗೆ ನೀರಿಡಬೇಕು."