ಅತ್ಯಾ ಕೃಷ್ಣಾ ಹೊಳೆ ನೋಡಲು ಹೊರಟದ್ದು

ವಕೀಲಿ ಮಾಡುತ್ತಿದ್ದ ನಮ್ಮ ಕಾಕಾ ಹಳೆಯದೊಂದು ಮೋಟಾರು ಕೊಂಡಾಗ ಮಾಳಮಡ್ಡಿಯ ಓಣಿಗೆ ಓಣಿಯೇ ಬಂದು ಅದನ್ನು ಮುಟ್ಟಿ ನೋಡಿತು. ಮುಟ್ಟದವಳು ಅತ್ಯಾ ಒಬ್ಬಳೇ. ಕಾಕಾನ ಅಕ್ಕ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೋಳಿಸಿದ ತಲೆ, ಕೆಂಪು ಸೀರೆ, ಮಡಿ ಅಂದರೆ ಮಡಿ. ಅವಳು ಕಂಡ ಜಗತ್ತು ಇತ್ತ ಹುಬ್ಬಳ್ಳಿ, ಅತ್ತ ಅಮ್ಮಿನಬಾವಿ. ಮೋಟಾರಿಗೆ ದೂರದಿಂದಲೇ ಒಂದು ಸುತ್ತು ಹಾಕಿ ಕೇಳಿದಳು: "ಇದು ಕೃಷ್ಣಾ ಹೊಳಿತನಕಾ ಹೋಗ್ತದೇನೋ?"

ಧಾರವಾಡದಲ್ಲಿ ಕೆರೆಗಳಿವೆ, ಬಾವಿಗಳಿವೆ. ಹೊಳೆ ಮಾತ್ರ ಇಲ್ಲ. ಇಷ್ಟೊಂದು ನೀರು ಒಂದೇ ಕಡೆ ಹರಿದು ಹೋಗುವುದೆಂದರೆ ಹೇಗೆ ಎಂಬುದು ಅತ್ಯಾನನ್ನು ಬಹಳ ವರ್ಷಗಳಿಂದ ಕಾಡುತ್ತಿತ್ತಂತೆ. ನಿನಗೇನು ನೋಡಬೇಕೆಂದು ಮನೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬೇಸಿಗೆಯಲ್ಲಿ ಕಾಕಾ, ಅತ್ಯಾ, ನಾನು ಮೂವರೂ ಹೊರಟೆವು. ನಾನು ಆಗಷ್ಟೇ ಮ್ಯಾಟ್ರಿಕ್ ಮುಗಿಸಿದ್ದೆ, ಅತ್ಯಾನ ಜೊತೆಗೆಂದು ನನಗೆ ಅಪ್ಪಣೆ ಸಿಕ್ಕಿತ್ತು. ಯಾರಿಂದಲೋ ತಂದ ಡೇರೆ, ಒಲೆಗೆ ಮೂರು ಕಲ್ಲು, ಅವಲಕ್ಕಿ, ಮನೆಯ ಬಾವಿಯ ನೀರು ತುಂಬಿದ ತಾಮ್ರದ ಕೊಡ. ಮೊದಲ ರಾತ್ರಿ ನರಗುಂದದ ಬಯಲಲ್ಲಿ ತಂಗಿದೆವು. ಗಿಡವಿಲ್ಲ, ನೆರಳಿಲ್ಲ, ಕಣ್ಣು ಹೋದಷ್ಟೂ ಬಿರುಕು ಬಿಟ್ಟ ಕರಿ ನೆಲ. ಅತ್ಯಾ ಬೆಳಿಗ್ಗೆ ಎದ್ದವಳೇ ಒಂದು ಜೋಳದ ದಂಟನ್ನು ಬಿರುಕಿನೊಳಗೆ ಇಳಿಬಿಟ್ಟು, ತಳ ಸಿಗದೆ ಇನ್ನೊಂದನ್ನು ಹುಡುಕಿಕೊಂಡು ಹೋದಳು. ಅವಳು ಹಾಗೆ ನಗುವುದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ. ಅಲ್ಲಿಂದ ಮುಂದೆ ಮಲಪ್ರಭೆ ಸಿಕ್ಕಳು, ಬೇಸಿಗೆಗೆ ಸೊರಗಿ ಬರೀ ಮರಳಾಗಿದ್ದಳು. "ಇದು ಲೆಕ್ಕಕ್ಕಿಲ್ಲ" ಎಂದಳು ಅತ್ಯಾ.

ಆಚೆ ಸ್ವಲ್ಪ ದೂರಕ್ಕೆ ಮೋಟಾರು ಬುಸುಗುಡುತ್ತ ನಿಂತಿತು. ಅದಕ್ಕೆ ನೀರು ಬೇಕಿತ್ತು. ಇದ್ದದ್ದು ತಾಮ್ರದ ಕೊಡದ ನೀರು ಮಾತ್ರ. ಕಾಕಾ ಕೇಳಲು ಹಿಂಜರಿಯುತ್ತಿದ್ದಂತೆ ಅತ್ಯಾನೇ ಕೊಡ ಎತ್ತಿಕೊಟ್ಟಳು. "ಮೊದಲ ಅದು ಕುಡೀಲಿ. ಮುಂದ ಬಾವಿ ಬರ್ತದಲ್ಲ." ನೀರು ಎಲ್ಲಿ ಹೋಗುತ್ತದೆಂದು ಬಗ್ಗಿ ನೋಡಿದಳು.

ಬಾವಿ ಬಂತು. ನಮ್ಮ ಹಗ್ಗ ಅರ್ಧಕ್ಕೇ ಮುಗಿಯಿತು, ಅಷ್ಟು ಆಳ. ಅಲ್ಲಿ ರೈತನೊಬ್ಬ ಎತ್ತು ಹೂಡಿ ತೊಗಲಿನ ದೊಡ್ಡ ಚೀಲದಲ್ಲಿ ನೀರೆತ್ತುತ್ತಿದ್ದ. ಅವನ ಹಗ್ಗವೂ ತೊಗಲಿನದೇ. ಕಾಕಾ, ನಾನು ಹಿಂದೆಮುಂದೆ ನೋಡದೆ ಕುಡಿದೆವು. ಕೊಡ ಬರಿದಾದಾಗಿನಿಂದ ಹನಿ ನೀರು ಕಾಣದ ಅತ್ಯಾ ಮುಖ ತಿರುಗಿಸಿ ನಿಂತಳು. ತೊಗಲು ಮುಟ್ಟಿದ ನೀರು ಮಡಿಯವರಿಗೆ ಆಗದು.

"ಮುಂದಿನ ಬಾವಿ ಎಲ್ಲಾ ಹಿಂಗ ಅವ ಅಂತ ಅಕ್ಕಾ," ಎಂದ ಕಾಕಾ. "ತಿರುಗಿ ಹೋಗೂಣು. ಊರಿಗೇ ಹೋಗಿಬಿಡೂಣು."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಅತ್ಯಾ ರೈತನನ್ನು ಕೇಳಿದಳು: "ಕೃಷ್ಣಾ ಹೊಳಿ ಹ್ಯಾಂಗದನೋ ತಮ್ಮಾ? ಆಚಿ ದಂಡಿ ಕಾಣತದೇನು?"

"ನಾನೂ ನೋಡಿಲ್ರೀ ಅವ್ವಾರ. ಹೋಗಬೇಕು ಹೋಗಬೇಕು ಅಂತಿದ್ದೆ. ಇಲ್ಲೇ ಹತ್ತಿರ ಐತಲ್ಲ, ಯಾವಾಗರ ಹೋದರಾತು ಅಂತ ಹಂಗ ಉಳೀತ್ರಿ." ಅವನ ಮೀಸೆ ಪೂರಾ ಬೆಳ್ಳಗಾಗಿತ್ತು.

ಅತ್ಯಾ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದ ನೀರು ಸುರಿಯುವ ಕಾಲುವೆಯ ಬದಿಗೆ ಕೂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಒಡ್ಡಿದಳು. ಚೀಲ ಮೇಲೆ ಬಂದು ನೀರು ಧುಮುಕಿತು. ಬೊಗಸೆ ತುಂಬಿ ಕುಡಿದಳು, ಮತ್ತೆ ತುಂಬಿ ಕುಡಿದಳು.

ಕಾಕಾನ ದನಿ ಸಣ್ಣಗಾಗಿತ್ತು. "ಅಕ್ಕಾ, ಮನ್ಯಾಗ ಏನಂತ ಹೇಳೂದು?"

ಅತ್ಯಾ ಬಾಯಿ ಒರೆಸಿಕೊಂಡು ಎದ್ದಳು.

"ಹೊಳಿ ನೋಡಿ ಬಂದ್ವಿ ಅಂತ ಹೇಳು. ಗಾಡಿ ಮುಂದ ಬಿಡು."