ಚಿಕ್ಕಹನುಮಕ್ಕ ಬಾಗಿಲು ತೆಗೆಯದ ಮಧ್ಯಾಹ್ನ

ನನ್ನ ತಮ್ಮ ಮುದ್ದಪ್ಪನ ಹೆಂಡತಿಗೆ ಎರಡು ಹೆಸರು. ರೇಷನ್ ಕಾರ್ಡಿನಲ್ಲಿ ಚಿಕ್ಕಹನುಮಕ್ಕ, ಚರ್ಚಿನ ರಿಜಿಸ್ಟರಿನಲ್ಲಿ ಎಸ್ತೇರಮ್ಮ. ದೀಕ್ಷಾಸ್ನಾನದ ದಿನ ಚರ್ಚಿನ ಪಾದ್ರಿ ಅಯ್ಯನವರು ಪ್ರೀತಿಯಿಂದ ಇಟ್ಟ ಹೆಸರು, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಪಾವಗಡದ ನಿಡುಗಲ್ ಕಡೆಯವಳು. ಹದಿನೆಂಟಕ್ಕೆ ಶಿರಾ ತಾಲ್ಲೂಕಿನ ಹುಲಿಕುಂಟೆಗೆ ಸೊಸೆಯಾಗಿ ಬಂದವಳು, ನಲವತ್ತು ವರ್ಷ ಕಳೆದರೂ ಹೆದರಿಕೆಯಾದರೆ ಬಾಯಿಗೆ ಬರುವುದು ತೆಲುಗೇ.

ಮಕ್ಕಳಾಗಲಿಲ್ಲ. ಊರಾಚೆ ಒಂಟಿ ಮನೆ, ಹಿಂದೆ ಕುರಿಹಟ್ಟಿ, ಗಂಡ ಹೆಂಡತಿ ಇಬ್ಬರೇ. ಅವಳು ಕುರಿ ಮೇಯಿಸಿಕೊಂಡು ಬರುವ ಹೊತ್ತಿಗೆ ಅವನು ಸಾರು ಕಾಯಿಸಿ, ಅವಳಿಲ್ಲದೆ ಒಂದು ತುತ್ತೂ ನುಂಗದೆ ಕೂತಿರುತ್ತಿದ್ದ. ನಾನು ಮಧುಗಿರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಗಂಡ ಸತ್ತು ಹದಿನಾರು ವರ್ಷ. ಇವರಿಬ್ಬರ ಸಡಗರ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ?

ಕೊರೊನಾ ಬರುವ ತನಕ ಇಬ್ಬರೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಧುಗಿರಿಯ ನಮ್ಮ ಹಳೇ ಚರ್ಚಿಗೆ ಬರುತ್ತಿದ್ದರು. ಆಮೇಲೆ ಹನುಮಕ್ಕ ಶಿರಾದಲ್ಲಿ ಹೊಸದಾಗಿ ಶುರುವಾದ ಪ್ರಾರ್ಥನಾ ಮಂದಿರ ಹಿಡಿದಳು, ಮುದ್ದಪ್ಪನೂ ಅವಳ ಹಿಂದೆ ಹೋಗತೊಡಗಿದ. ಅಲ್ಲಿನ ಬೋಧಕ ಬ್ರದರ್ ರೇಣುಕಪ್ರಸಾದ್ ಇನ್ನೂ ಮೂವತ್ತು ತುಂಬದವನು. ಕೆಟ್ಟವನಲ್ಲ, ಹಾಡಿದರೆ ಕಲ್ಲೂ ಕರಗಬೇಕು. ಆದರೆ ಅವನ ಕೈಗೆ ಬೈಬಲ್ಲು ಕೊಟ್ಟರೆ ನೇರವಾಗಿ ಕೊನೆಯ ಪುಸ್ತಕ ಪ್ರಕಟನೆಯನ್ನೇ ತೆರೆಯುತ್ತಿದ್ದ. ಗೋಡೆಯ ತುಂಬ ಒಂದು ಚಾರ್ಟು. ಕರ್ತನು ಗುಟ್ಟಾಗಿ ಮೇಘದ ತನಕ ಬರುತ್ತಾನೆ, ತನ್ನವರನ್ನು ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಎತ್ತಿಕೊಳ್ಳುತ್ತಾನೆ, ಉಳಿದವರಿಗೆ ಏಳು ವರ್ಷ ಸಂಕಟ, ಆಮೇಲೆ ಕರ್ತನ ಸಾವಿರ ವರ್ಷದ ಆಳ್ವಿಕೆ. ಆ ಏಳು ವರ್ಷ ಮೃಗ ಅನ್ನುವ ದುಷ್ಟ ಅರಸನ ಕಡೆಯವರು ಮನೆಮನೆಗೆ ಬಂದು ಬಾಗಿಲು ಬಡಿದು ಹಣೆಗೆ ಮುದ್ರೆ ಒತ್ತುತ್ತಾರೆ. ಮೂಲೆಯಲ್ಲೊಂದು ಚಿತ್ರ ಬೇರೆ. ಖಾಲಿ ಮಂಚ, ಅದರ ಮೇಲೆ ಕುಸಿದ ಬಟ್ಟೆ, ಮಂಚದ ಕೆಳಗೆ ಚಪ್ಪಲಿ. ಮನುಷ್ಯ ಮಾತ್ರ ಇಲ್ಲ.

ನಮ್ಮ ಅಯ್ಯನವರು ಅದೇ ಪುಸ್ತಕವನ್ನು ಬೇರೆ ಥರ ಹೇಳಿಕೊಟ್ಟಿದ್ದರು. ರೋಮಿನ ಅರಸರು ವಿಶ್ವಾಸಿಗಳನ್ನು ಹಿಡಿದು ಕೊಲ್ಲುತ್ತಿದ್ದ ಕಾಲದಲ್ಲಿ ದ್ವೀಪವೊಂದರಲ್ಲಿ ಸೆರೆಯಾಗಿದ್ದ ಭಕ್ತನೊಬ್ಬ ಏಳು ಸಭೆಗಳಿಗೆ ಬರೆದ ಧೈರ್ಯದ ಕಾಗದ ಅದು. ಮೃಗ ಅಂದರೆ ಆ ಕಾಲದ ದೊರೆತನ, ಸಾವಿರ ವರ್ಷ ಅಂದರೆ ಬೆರಳು ಮಡಿಸಿ ಎಣಿಸುವ ಸಾವಿರವಲ್ಲ. ಕಷ್ಟ ಎಷ್ಟಾದರೂ ಕೊನೆಗೆ ಗೆಲ್ಲುವವನು ದೇವರು, ಅಷ್ಟೇ. ಅಳುವವರ ಕಣ್ಣೊರೆಸಲು ಬರೆದದ್ದನ್ನು ಕ್ಯಾಲೆಂಡರ್ ಮಾಡಿಕೊಳ್ಳಬೇಡಿ ಎನ್ನುತ್ತಿದ್ದರು. ನನಗೆ ಇದೇ ಸರಿ ಎನಿಸಿತ್ತು, ಈಗಲೂ ಎನಿಸುತ್ತದೆ. ಆದರೆ ಸರಿಯನ್ನು ಹೇಳುವುದಕ್ಕೂ ಒಂದು ಬಾಯಿ ಬೇಕು. ನನ್ನದು ಎಂಥ ಹಾಳು ಬಾಯಿ ಅನ್ನುವುದನ್ನು ಕೇಳಿ.

ಕಳೆದ ಕ್ರಿಸ್‌ಮಸ್‌ಗೆ ಹುಲಿಕುಂಟೆಗೆ ಹೋಗಿದ್ದೆ. ಉಂಡ ಮೇಲೆ ಹನುಮಕ್ಕ ನನ್ನ ಪಕ್ಕ ಕೂತು, "ಅತ್ತಿಗೆ, ನೀವು ತಯಾರಾಗಿದೀರಾ? ಇನ್ನು ಬಾಳ ದಿನ ಇಲ್ವಂತೆ" ಎಂದಳು. ನನಗೆ ರೇಗಿಹೋಯಿತು. ಅವಳ ಒಂದು ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಮುದ್ದಪ್ಪನಿಗೆ ಕಾಮಾಲೆಯಾಗಿ ಬದುಕುತ್ತಾನೆಂಬ ಆಸೆಯನ್ನೇ ಎಲ್ಲರೂ ಬಿಟ್ಟಿದ್ದಾಗ, ಇವಳು ಯಾರಿಗೂ ಹೇಳದೆ ಕೊರಟಗೆರೆ ಕಡೆಯ ಸಿದ್ದರಬೆಟ್ಟ ಹತ್ತಿ, ಹರಕೆ ಹೊತ್ತು, ಬೆಟ್ಟದ ನೀರು ತಂದು ಅವನಿಗೆ ಕುಡಿಸಿದ್ದಳು. ವಿಶ್ವಾಸಿಯಾಗಿ ಹೀಗೆ ಮಾಡಿದೆನಲ್ಲ ಎಂದು ಆಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು.

ಅದನ್ನೇ ಎತ್ತಿದೆ ನೋಡಿ ನಾನು. "ನಂದಿರ‍್ಲಿ, ನಿನ್ ಕತೆ ಹೇಳು. ಬೆಟ್ಟಕ್ಕೋಗಿ ಹರಕೆ ಹೊತ್ತೋಳ್ನ ಯಾರು ಎತ್ಕೊಂಡೋಯ್ತಾರೆ? ಮುದ್ದಪ್ಪ ಹೋಯ್ತಾನೆ, ನೀನು ಕುರಿ ಕಾಯ್ಕೊಂಡು ಇಲ್ಲೇ ಬಿದ್ದಿರು."

ಮುದ್ದಪ್ಪ ನಕ್ಕುಬಿಟ್ಟ. "ಅಕ್ಕ, ಅವಳ್ನ ಬುಟ್ಟು ನಾನೆಲ್ಲಿಗೆ ಹೋಗ್ಲಿ?" ಎಂದ. ಅವಳು ನಗಲಿಲ್ಲ. ಎದ್ದುಹೋಗಿ ಪಾತ್ರೆ ತೊಳೆಯುತ್ತಾ ಕೂತಳು. ಆಗಲೇ ಹೋಗಿ ಅವಳ ಕೈ ಹಿಡಿದು ತಪ್ಪಾಯಿತು ಕಣೆ ಅನ್ನಬೇಕಿತ್ತು. ಅನ್ನಲಿಲ್ಲ. ಸರಿಯಾಗಿ ಹೇಳಿದೆ ಎಂಬ ಜಂಬದಲ್ಲೇ ಬಸ್ಸು ಹತ್ತಿದೆ.

ಮಾರ್ಚ್ ಬಂದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ರಾಜಿ ಮಾಡಿಕೊಳ್ಳೋಣ ಎಂದು ಒಂದು ಬುಧವಾರ ಹೋದೆ. ಹನ್ನೊಂದೂವರೆ ಇರಬೇಕು. ಹನುಮಕ್ಕ ಕುರಿಯ ಹಿಂದೆ ಹೋಗಿದ್ದಳು. ಒಲೆಯ ಮೇಲೆ ಸಾರಿತ್ತು, ಮುದ್ದಪ್ಪ ಮಂಚದ ಮೇಲೆ ಎದೆ ಹಿಡಿದುಕೊಂಡು ಬೆವರುತ್ತಿದ್ದ. ನೋಡುತ್ತಿದ್ದಂತೆ ಅಂಗಿ, ಪಂಚೆಯ ಮೇಲೆಲ್ಲ ವಾಂತಿ ಮಾಡಿಕೊಂಡ. ಎರಡನ್ನೂ ಬಿಚ್ಚಿ ಮಂಚದ ಮೇಲೇ ಎಸೆದೆ, ಕಂಬಳಿ ಸುತ್ತಿದೆ, ರಸ್ತೆಗೆ ಓಡಿದೆ. ಪುಣ್ಯಕ್ಕೆ ಕುಮಾರಸ್ವಾಮಿ ಅನ್ನುವವನ ಗೂಡ್ಸ್ ಆಟೋ ಬರುತ್ತಿತ್ತು. ಇಬ್ಬರೂ ಸೇರಿ ಮುದ್ದಪ್ಪನನ್ನು ಎತ್ತಿ ಮಲಗಿಸಿ ಶಿರಾ ಆಸ್ಪತ್ರೆಯ ದಾರಿ ಹಿಡಿದೆವು. ಗಂಡ ಹೆಂಡತಿಗೆ ಇದ್ದದ್ದು ಒಂದೇ ಫೋನು, ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೆ. ಒಲೆ ಆರಿಸಲಿಲ್ಲ, ಬಾಗಿಲು ಹಾಕಲಿಲ್ಲ. ಅವಳಿಗೊಂದು ಮಾತು ಮುಟ್ಟಿಸಿ ಹೋಗಬೇಕೆಂದು ಹೊಳೆಯಲೇ ಇಲ್ಲ.

ಒಂದು ಗಂಟೆಗೆ ಹನುಮಕ್ಕ ಕುರಿಗಳನ್ನು ಹಟ್ಟಿಗೆ ಕೂಡಿ ಒಳಗೆ ಕಾಲಿಟ್ಟಳು. ಏನು ಕಂಡಳು? ಬಾಗಿಲು ಹಾರುಹೊಡೆದಿದೆ. ಒಲೆ ಉರಿಯುತ್ತಿದೆ, ಸಾರು ಸೀದುಹೋಗಿದೆ. ಮಂಚದ ಮೇಲೆ ಗಂಡನ ಅಂಗಿ, ಪಂಚೆ. ಕೆಳಗೆ ಚಪ್ಪಲಿ. ತೆರೆದ ಬೈಬಲ್ಲಿನ ಮೇಲೆ ಕನ್ನಡಕ. ತಾನಿಲ್ಲದೆ ಎಲ್ಲಿಗೂ ಹೋಗದ ಮನುಷ್ಯ ಮಾತ್ರ ಇಲ್ಲ. ಬೇರೆ ಯಾವ ಹೆಂಗಸಾದರೂ ಬೀದಿಗೆ ಓಡಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಇವಳು ಆ ಬಟ್ಟೆಯನ್ನು ಮುಟ್ಟಿಯೂ ನೋಡದೆ ಬಾಗಿಲ ಅಗುಳಿ ಹಾಕಿಕೊಂಡು, ಮೂಲೆಗೆ ಸರಿದು, ಕಂಬಳಿ ಮುಸುಕೆಳೆದು ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಮುದ್ದಪ್ಪ ಕಣ್ಣು ಬಿಟ್ಟಾಗಲೆಲ್ಲ, "ಅವಳೆಲ್ಲಿ ಅಕ್ಕ?" ಎನ್ನುತ್ತಿದ್ದ. ಎರಡು ಗಂಟೆಗೆ ಪಕ್ಕದ ಹೊಲದ ಪುಟ್ಟಕ್ಕನಿಗೆ ಫೋನು ಹತ್ತಿತು. ಹೋಗಿ ಅವಳನ್ನು ಕಳಿಸೇ ಎಂದೆ. ಪುಟ್ಟಕ್ಕ ಹೋಗಿ ಬಾಗಿಲು ದಬದಬ ಬಡಿದಳಂತೆ. ಒಳಗೆ ಹನುಮಕ್ಕನಿಗೆ ಕೇಳಿಸಿತು. ಮುದ್ರೆ ಒತ್ತಲು ಬಂದರು ಎಂದುಕೊಂಡು ಎರಡೂ ಕಿವಿ ಮುಚ್ಚಿಕೊಂಡಳು. ಪುಟ್ಟಕ್ಕ ನನಗೆ ತಿರುಗಿ ಫೋನು ಮಾಡಿ, "ಯಾರೂ ಇಲ್ಲ ಕಣಮ್ಮ, ಬಾಗ್ಲಾಕೈತೆ" ಎಂದಳು. ಬಾಗಿಲು ಹಾಕದೆ ಬಂದವಳು ನಾನು. ಹಾಕಿದ್ದು ಯಾರು ಎಂದು ಕೇಳುವಷ್ಟು ಬುದ್ಧಿ ಆಗ ಓಡಲಿಲ್ಲ. ಮೂರೂವರೆಗೆ ತಮ್ಮ ಹೋಗಿಬಿಟ್ಟ.

ಐದು ಗಂಟೆಗೆ ಅದೇ ಆಟೋದಲ್ಲಿ ಅವನನ್ನು ಮನೆಗೆ ತಂದೆವು. ಬಾಗಿಲು ಒಳಗಿಂದ ಹಾಕಿತ್ತು. "ಲೇ ಹನುಮಕ್ಕ, ನಾನು ಕಣೆ, ಓಬಳಮ್ಮ, ತೆಗಿಯೇ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಬಹಳ ಹೊತ್ತಿನ ಮೇಲೆ ಒಳಗಿಂದ ಸಣ್ಣ ಧ್ವನಿ ಬಂತು.

"ಅತ್ತಿಗೆ... ನೀವೂ ಉಳ್ಕೊಂಡ್ರಾ?"

ಆಗ ನನಗೆ ಎಲ್ಲ ಹೊಳೆಯಿತು. ಅವಳು ಅಗುಳಿ ಸರಿಸಿ ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಅವ್ರು ಹೋಗ್ಬುಟ್ರು ಅತ್ತಿಗೆ, ನಾನು ಬೆಟ್ಟಕ್ಕೋಗಿದ್ದೆ ನೋಡಿ, ಅದ್ಕೇ ನನ್ನ ಬುಟ್ಬುಟ್ರು" ಎನ್ನುತ್ತ ನನ್ನ ಕೈ ಹಿಡಿದಳು. ನಾನು ಬಾಯಿ ತೆರೆಯುವುದರೊಳಗೆ ಅವಳ ಕಣ್ಣು ಆಟೋದ ಮೇಲೆ ಬಿತ್ತು. ಕಂಬಳಿಯ ಆಚೆ ಮುದ್ದಪ್ಪನ ಕಾಲು ಕಂಡಿತು. ಅಯ್ಯೋ ದೇವರೇ, ಅವಳು ನಕ್ಕಳು! "ದೇವುಡಾ! ಇಲ್ಲೇ ಅವ್ರೆ! ನನ್ನ ಬುಟ್ಟೋಗಿಲ್ಲ ಅತ್ತಿಗೆ, ಇಲ್ಲೇ ಅವ್ರೆ!" ಎಂದು ಮಗುವಿನ ಹಾಗೆ ಓಡಿದಳು. ಓಡಿಹೋಗಿ ಕಾಲು ಮುಟ್ಟಿದಳು. ತಣ್ಣಗಿತ್ತು.

ಮಣ್ಣಿಗೆ ನಮ್ಮ ಅಯ್ಯನವರೂ ಬಂದರು, ಬ್ರದರ್ ರೇಣುಕಪ್ರಸಾದನೂ ಬಂದ. ಆ ಹುಡುಗ ಎಲ್ಲರಿಗಿಂತ ಹೆಚ್ಚು ಅತ್ತ. ಮರುವಾರ ಅಯ್ಯನವರು ಮತ್ತೆ ಬಂದು, ಕೊನೆಯ ಪುಸ್ತಕ ಹೆದರಿಸಲು ಬರೆದದ್ದಲ್ಲಮ್ಮ ಎಂದು ಅವಳಿಗೆ ತಿಳಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಆ ಮಾತನ್ನು ಕ್ರಿಸ್‌ಮಸ್ ದಿನ ನಾನು ಮೆತ್ತಗೆ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಈಗ ಅವಳು ಎರಡು ಕಡೆಗೂ ಹೋಗುವುದಿಲ್ಲ. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಕೊನೇಲಿ ನನ್ನ ಕೇಳಿದ್ರಾ ಅತ್ತಿಗೆ?"

ಇಲ್ಲ ಕಣೆ, ನಿದ್ದೆಯಲ್ಲೇ ಹೋದ ಎನ್ನುತ್ತ ಬಂದೆ. ಹೋದ ಭಾನುವಾರ ಸುಳ್ಳು ಹೇಳಲಾಗಲಿಲ್ಲ. ಪುಟ್ಟಕ್ಕನ ಫೋನು ಬಂದ ಮೇಲೆ, ಅವಳು ಮನೆಯಲ್ಲಿಲ್ಲವಂತೆ ಕಣ್ಲಾ ಎಂದು ನಾನೇ ಮುದ್ದಪ್ಪನಿಗೆ ಹೇಳಿದ್ದೆ. ಅವನು ಬಾಗಿಲ ಕಡೆಗೇ ನೋಡುತ್ತ, "ಅಂಗಾದ್ರೆ ಅವಳು ಹೋಗವ್ಳೆ ಅಕ್ಕ. ಕರ್ತ ಬಂದು ಕರ‍್ಕೊಂಡೋಗವ್ನೆ. ನಾನೇ ಉಳ್ಕಂಡೆ" ಎಂದಿದ್ದ. ನೋವಿನಲ್ಲಿ ಆಡಿದ ಮಾತೆಂದು ನಾನು ಸುಮ್ಮನಾಗಿದ್ದೆ. ಅಷ್ಟನ್ನೂ ಇದ್ದದ್ದು ಇದ್ದ ಹಾಗೆ ಅವಳಿಗೆ ಹೇಳಿದೆ. ನಿನ್ನನ್ನು ಅಷ್ಟು ಒಳ್ಳೆಯವಳು ಅಂದುಕೊಂಡಿದ್ದ ಕಣೆ ಎಂದೂ ಸೇರಿಸಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ.

ಹನುಮಕ್ಕ ಬೆರಳು ಮಡಿಸಿ ಏನೋ ಎಣಿಸಿದಳು. ಆಮೇಲೆ ಕೇಳಿದಳು.

"ಎರಡು ಗಂಟೆಯಿಂದ ಮೂರೂವರೆ ಗಂಟ ಅವ್ರು ಅಂಗೇ ಅಂದ್ಕೊಂಡು ಮಲಗಿದ್ರಾ ಅತ್ತಿಗೆ? ಆ ಹೆದ್ರಿಕೆ ಹೆಂಗಿರ‍್ತದೆ ಅಂತ ನಂಗೊತ್ತು."