ಒಡಪು ನಿಂತ ಜಾಗ

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಬಸುರಿಯ ಕುಬಸ ಎಂದು ನಾಲ್ಕು ಜನ ಸೇರಿದಾಗ ಮಂದಿ ಕಾಡಿಸಿ ಕೇಳಬೇಕು, ಆಗ ಪ್ರಾಸ ಕಟ್ಟಿದ ಒಡಪಿನೊಳಗೆ ಹೆಸರು ಸೇರಿಸಿ ಹೇಳಬೇಕು. ಗಂಡಸರನ್ನೂ ಬಿಡುವುದಿಲ್ಲ. ಕಮಲಾಪುರದ ನನ್ನ ತವರುಮನೆಯ ಹಂದರದಲ್ಲಿ, ಅಕ್ಷತೆ ಬಿದ್ದ ದಿನ, ನನ್ನ ಗಂಡ ಹೇಳಿದ ಒಡಪು ಇದು:

ಕಮಲಾಪುರದ ಕೆಂಪ ಬಾಳೆ ಹಣ್ಣಾಗಾಕ ಭಾಳ ದಿನ,
ಮಗ್ಗಲದಾಗ ಕುಂತಾಕಿದು ಬಂಗಾರದಂಥ ಗುಣ,
ಆಕಿ ಹೆಸರ ಕೇಳ್ತೀರೇನ?

ಆಮೇಲೆ ನನ್ನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಬಾಯಿಂದ ಬಂದರೇ ಚಂದ.

ಅವರದು ದೊಡ್ಡ ಗಂಟಲು. ಕಪನೂರಿನ ದಾಲ್ ಮಿಲ್ಲಿನಲ್ಲಿ ಮಶೀನುಗಳ ಸದ್ದಿನ ಮೇಲೆ ಕೂಗಿ ಕೂಗಿ ಹಾಗಾಗಿತ್ತು. ಸಂಜೆ ಗಾಜಿಪುರದ ನಮ್ಮ ಓಣಿಯ ತುದಿಯಿಂದಲೇ ನನ್ನ ಹೆಸರು ಹಿಡಿದು ಕೂಗುತ್ತ ಬರುವರು. "ಮಂದಿ ಏನಂತಾರ್ರೀ?" ಎಂದು ಬೈಯುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ ಎನ್ನುವುದು ಬೇರೆ ಮಾತು.

ಒಂದು ಮುಂಜಾನೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ದೇವರು ದೊಡ್ಡವನು, ಜೀವ ಉಳಿಯಿತು. ನಿಧಾನಕ್ಕೆ ಕೋಲು ಹಿಡಿದು ಓಡಾಡಿದರು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದದ್ದು ಬಾಯಿಗೆ ಬರುತ್ತಿರಲಿಲ್ಲ. ಕಣ್ಣು ತುಂಬಿಕೊಂಡು ನನ್ನ ಮುಖ ನೋಡುವರು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ನನಗೇ ಮೊದಲ ಪಾಠ ಹೇಳಿದಳು: "ಅಮ್ಮಾರ, ಅವರ ಮಾತು ನೀವು ಪೂರಾ ಮಾಡಬ್ಯಾಡ್ರಿ. ಬಾಯಾಗ ಬರೋ ತನಕ ಕಾಯ್ರಿ."

ಕಾಯುವುದೇ? ನಾನೇ? ನನ್ನ ತಂಗಿ ಫೋನ್ ಮಾಡಿದರೆ ಅವಳ ಪ್ರಶ್ನೆಯನ್ನೂ ನಾನೇ ಕೇಳಿ, ಉತ್ತರವನ್ನೂ ನಾನೇ ಕೊಟ್ಟು ಇಡುವವಳು. ಇವರು "ಚ... ಚ..." ಎಂದು ಒದ್ದಾಡುವಾಗ ಚಹಾ ಎನ್ನಲು ನಾಲಿಗೆ ತುರಿಸುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಒಲೆಯ ಮೇಲೆ ಚಹಾ ಕುದಿದು ಕುದಿದು ಕಷಾಯವಾಗುತ್ತಿತ್ತು.

ಮುಂಜಾನೆಯ ಲಿಂಗಪೂಜೆ ಮಾತ್ರ ತಪ್ಪಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಹಿಡಿಯುವುದು ನಮ್ಮ ಪದ್ಧತಿ, ಆ ಕೈ ಪುಣ್ಯಕ್ಕೆ ಗಟ್ಟಿಯಿತ್ತು. ಸೋತ ಬಲಗೈಯನ್ನು ನಾನು ಹಿಡಿದು ವಿಭೂತಿ ಹಚ್ಚಿಸಿ, ಬಿಲ್ವಪತ್ರಿ ಏರಿಸುತ್ತಿದ್ದೆ. ಹಾಗೆ ಒಂದು ದಿನ ಅವರ ಬಾಯಿಂದ ಸ್ಪಷ್ಟವಾಗಿ "ಶಿವ" ಎಂದು ಬಂತು.

ಮೊದಲು ಗಳಗಳನೆ ಅತ್ತೆ. ಆಮೇಲೆ ಸಿಟ್ಟು ಬಂತು. "ಇಷ್ಟು ವರ್ಷ ರೊಟ್ಟಿ ಬಡದು ಹಾಕಿದಾಕಿ ನಾನು, ಮೊದಲ ಹೆಸರು ನಿಂದೇನು?" ಎಂದು ಶಿವನ ಜೊತೆ ಜಗಳಕ್ಕೇ ನಿಂತೆ. ನನ್ನ ಗಂಡ ಓರೆ ಬಾಯಲ್ಲೇ ನಕ್ಕರು. ಆ ನಗು ನೋಡಿ ನನ್ನ ಸಿಟ್ಟು ಇಳಿಯಿತು. ಸರದಿಯಲ್ಲಿ ಮುಂದೆ ನಿಂತವನು ಶಿವನೇ ಅಂದಮೇಲೆ, ಹಿಂದೆ ನಿಂತ ನನ್ನನ್ನು ಬರಿಗೈಯಲ್ಲಿ ಕಳಿಸುತ್ತಾನೆಯೇ? ಅಂದಿನಿಂದ ಅಳುತ್ತ ಬೇಡುವುದನ್ನು ಬಿಟ್ಟೆ. ದಿನಾ ದೀಪ ಹಚ್ಚಿ, "ನನ್ನ ಪಾಳಿ ಅದ, ನೆನಪಿರಲಿ" ಎಂದಷ್ಟೇ ಹೇಳುತ್ತಿದ್ದೆ.

ಮನೆಗೆ ಬಂದವರೆಲ್ಲ, "ತಾಳಿದವನು ಬಾಳಿಯಾನು" ಎನ್ನುವರು. "ತಾಳಾಕತ್ತೀನಲ್ರಿ, ಮತ್ತೇನ ಮಾಡಾಕತ್ತೀನಿ?" ಎಂದು ಚಹಾ ಕೊಡುತ್ತಿದ್ದೆ. ಎಳ್ಳಮವಾಸ್ಯೆ ಬಂತು, ಹೋಯಿತು. ಮತ್ತೊಂದು ಎಳ್ಳಮವಾಸ್ಯೆಯೂ ಹೋಯಿತು. ಒಂದೊಂದು ದಿನ ಧೈರ್ಯ ಕುಸಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮರುದಿನ ಪೂಜೆಗೆ ಅವರ ಕೈ ಹಿಡಿದರೆ ಮತ್ತೆ ನಾನು ಗಟ್ಟಿ.

ಹೋದ ವರ್ಷ ತಂಗಿಯ ಮಗಳ ಕುಬಸಕ್ಕೆ ಕಮಲಾಪುರಕ್ಕೆ ಹೋದೆವು. ಚೊಚ್ಚಲ ಬಸುರಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಹೆಂಗಸರು ಒಡಪು ಶುರು ಮಾಡಿದರು. ನಾನೂ ಹೇಳಿದೆ. ಗದ್ದಲದಲ್ಲಿ ಯಾರೋ ನನ್ನ ಗಂಡನ ಕಡೆ ಕೈ ಮಾಡಿ, "ಈಗ ಕಾಕಾರು ಹೇಳ್ಲಿ!" ಎಂದು ಕೂಗಿ, ತಟ್ಟನೆ ನಾಲಿಗೆ ಕಚ್ಚಿಕೊಂಡರು. ತಂಗಿ ಗಡಿಬಿಡಿಯಲ್ಲಿ, "ಆರತಿ ತರ್ರೆ" ಎಂದಳು.

"ತಡಿ," ಎಂದೆ. "ಅವರ ಪಾಳಿ ಅದ. ಕಾಯೋಣು."

ಅವರು ಕೋಲು ಊರಿಕೊಂಡು ನನ್ನನ್ನೇ ನೋಡಿದರು. "ಕ... ಕಮಲಾಪುರದ ಕೆಂಪ ಬಾಳೆ..." ಹಳೆಯ ಒಡಪು, ಹಳೆಯ ರಾಗ! ಮೊದಲ ಸಾಲು ಹರಿದು ಬಂತು, ಎರಡನೆಯದು ತೊದಲಿತು, ಆದರೂ ಬಂತು. "ಆಕಿ ಹೆಸರ ಕೇಳ್ತೀರೇನ" ಎಂದವರೇ ನಿಂತುಬಿಟ್ಟರು.

ಹೆಸರು ಬರಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. ನನ್ನ ಹೆಸರು ನನ್ನದೇ ನಾಲಿಗೆಯ ತುದಿಯಲ್ಲಿತ್ತು. ಸೆರಗು ಕಚ್ಚಿ ಹಿಡಿದೆ. ಶಿವನೇ, ನಿನ್ನ ಹೆಸರು ಕೊಟ್ಟೀದಿ, ನನ್ನದೂ ಕೊಡ್ತಿ, ನಾ ಅವಸರ ಮಾಡಂಗಿಲ್ಲ ಎಂದುಕೊಂಡೆ. ವಿಚಿತ್ರವೆಂದರೆ ಆಗ ನನಗೆ ಭಯವೇ ಆಗಲಿಲ್ಲ.

ಬಂತು. ಅರ್ಧ ಹೆಸರು. ಆದರೆ ದಾಲ್ ಮಿಲ್ಲಿನ ಅದೇ ಗಂಟಲಲ್ಲಿ.

ತಂಗಿ ಖುಷಿಗೆ ಉಳಿದರ್ಧ ಕೂಗಲು ಬಾಯಿ ತೆರೆದಳು. ನಾನು ಅಂಗೈಯಿಂದ ಅವಳ ಬಾಯಿ ಮುಚ್ಚಿದೆ. "ಪೂರಾ ಮಾಡಬ್ಯಾಡ. ಅದು ಅವರದು."

ಈಗ ಗಾಜಿಪುರದ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆ ಅರ್ಧ ಹೆಸರು ಕೇಳುತ್ತದೆ. ಕರೆದ ಕೂಡಲೇ ಓ ಎನ್ನುವುದಿಲ್ಲ ನಾನು. ಉಳಿದರ್ಧ ಬರುವಷ್ಟು ಜಾಗ ಬಿಟ್ಟು, ಆಮೇಲೆ ಓ ಎನ್ನುತ್ತೇನೆ.